ಗಾಳಿ ಇಳಿಯುವ ತನಕ

‘ಗಾಳಿ ಬಂದಾಗ ತೂರಿಕೋ’ ಎಂಬುದು ರೈತನ ಗಾದೆ. ಕಣದಲ್ಲಿ ರಾಶಿಯ ಮುಂದೆ ಮೊರ ಹಿಡಿದು ನಿಂತವನಿಗೆ ಅದು ಒಪ್ಪುವ ಮಾತು. ಆದರೆ ಕನ್ನಡ ನಾಡಿನ ಪಡುವಣ ಅಂಚಿನಲ್ಲಿ ಹಾಯಿಹಡಗು ನಡೆಸಿ ಹೊಟ್ಟೆ ಹೊರೆಯುತ್ತಿದ್ದ ಜನಕ್ಕೆ ಆ ಗಾದೆಯೊಂದೇ ಸಾಲುತ್ತಿರಲಿಲ್ಲ. ಯಾವ ಗಾಳಿಗೆ ಹಾಯಿ ಬಿಚ್ಚಬೇಕೆಂಬುದರ ಜೊತೆಗೆ, ಯಾವ ಗಾಳಿಗೆ ಹಾಯಿ ಸುತ್ತಿಟ್ಟು ಕೈಕಟ್ಟಿ ಕೂರಬೇಕೆಂಬುದನ್ನೂ ಅವರು ಕಲಿಯಬೇಕಾಗಿದ್ದಿತು. ಈ ಎರಡನೆಯ ಪಾಠವೇ ಹೆಚ್ಚು ಕಷ್ಟದ್ದು. ಬಂದರಿನಲ್ಲಿ ಲಂಗರು ಇಳಿಸಿ ದಿನಗಟ್ಟಲೆ ನಿಂತ ಹಡಗನ್ನು ಕಂಡ ದಾರಿಹೋಕನು ಅದನ್ನು ಸೋಮಾರಿತನವೆಂದು ತಿಳಿದಾನು. ಆ ಹಡಗಿನ ತಂಡೇಲನಾದರೋ ತನ್ನ ಕಸುಬಿನ ಅತ್ಯಂತ ಕಠಿನವಾದ ಕೆಲಸವನ್ನು ಆಗಲೇ ಮಾಡುತ್ತಿದ್ದನು.

ಲಾರಿಗಳೂ ರೈಲುಗಳೂ ಕರಾವಳಿಯ ಸರಕನ್ನೆಲ್ಲ ಬೆನ್ನಿಗೆ ಹಾಕಿಕೊಳ್ಳುವ ಮೊದಲು, ಮಲಬಾರಿನಿಂದ ಕಚ್ಛದವರೆಗಿನ ವ್ಯಾಪಾರವು ಬಹುಮಟ್ಟಿಗೆ ದೇಶೀ ಹಡಗುಗಳ ಪಾಲಿನದಾಗಿದ್ದಿತು. ಪತ್ತೇಮಾರಿ, ಮಚವೆ, ಮಂಜಿ ಎಂದು ಅವುಗಳಿಗೆ ಹಲವು ಹೆಸರು. ಮರದ ಒಡಲು, ಮುಂದಕ್ಕೆ ವಾಲಿದ ಕೂವೆಮರ, ಓರೆಯಾದ ಅಡ್ಡಮರಕ್ಕೆ ಕಟ್ಟಿದ ವಿಶಾಲವಾದ ಹಾಯಿ, ಒಬ್ಬ ತಂಡೇಲ, ಅವನ ಕೈಕೆಳಗೆ ಕೆಲವರು ಖಲಾಸಿಗಳು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ಮುಂಬಯಿಯ ಮಾಡುಗಳ ಮೇಲೇರಿದ ಕೆಂಪು ಹಂಚುಗಳು ಬಹಳ ಕಾಲ ಇಂತಹ ಹಡಗುಗಳ ಒಡಲಿನಲ್ಲಿಯೇ ಪ್ರಯಾಣ ಮಾಡಿದವು. ತೆಂಗು, ಮರಮುಟ್ಟು, ಅಕ್ಕಿ, ಉಪ್ಪು, ಒಣಮೀನು ಮೊದಲಾದವುಗಳೂ ಹಾಗೆಯೇ. ಮಂಗಳೂರಿನಿಂದ ಮುಂಬಯಿಗೆ ಕಡಲ ದಾರಿ ಸುಮಾರು 700 ಕಿಲೋಮೀಟರು. ಆ ದಾರಿಯನ್ನು ಎಷ್ಟು ದಿನಗಳಲ್ಲಿ ಮುಗಿಸುವೆನೆಂದು ಯಾವ ಪ್ರಾಜ್ಞ ತಂಡೇಲನೂ ಮಾತು ಕೊಡುತ್ತಿರಲಿಲ್ಲ.

ನೆಲದ ಗಾಳಿ, ಕಡಲ ಗಾಳಿ

ಮಳೆಗಾಲದ ಮೂರು ತಿಂಗಳ ಮಾತು ಬೇರೆ. ಜೂನ್ ತಿಂಗಳ ಮೊದಲ ವಾರದಲ್ಲಿ ನೈರುತ್ಯ ಮಾರುತವು ಕರಾವಳಿಯನ್ನು ಮುಟ್ಟುತ್ತಲೇ ಹಾಯಿಹಡಗುಗಳ ಸಂಚಾರ ನಿಂತುಹೋಗುತ್ತಿತ್ತು. ಹಡಗುಗಳನ್ನು ಹೊಳೆಯೊಳಕ್ಕೆ ತಂದು ದಡಕ್ಕೆಳೆದು ತೆಂಗಿನ ಮಡಲುಗಳ ಹೊದಿಕೆ ಹೊದಿಸುವರು. ಆ ಕಾಯುವಿಕೆಯಲ್ಲಿ ಸಂದೇಹಕ್ಕೆ ಎಡೆಯಿರಲಿಲ್ಲ. ಪಂಚಾಂಗವೇ ಅದನ್ನು ಗೊತ್ತುಮಾಡುತ್ತಿತ್ತು. ಕಷ್ಟವಿದ್ದುದು ಪ್ರಯಾಣದ ಕಾಲವೆಂದು ಎಲ್ಲರೂ ಒಪ್ಪಿದ ಉಳಿದ ತಿಂಗಳುಗಳಲ್ಲಿ.

ಆ ತಿಂಗಳುಗಳಲ್ಲಿ ಕರಾವಳಿಯ ಗಾಳಿಗೆ ಒಂದು ದಿನಚರಿಯುಂಟು. ಇರುಳಿನಲ್ಲಿ ನೆಲವು ಕಡಲಿಗಿಂತ ಬೇಗ ತಂಪಾಗುವುದರಿಂದ ಗಾಳಿಯು ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿದಂತೆ ನೆಲ ಕಾದು, ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಪಶ್ಚಿಮ ವಾಯವ್ಯಗಳಿಂದ ಒಳಮುಖವಾಗಿ ಬರುತ್ತದೆ. ಬಡಗಣಕ್ಕೆ ಹೋಗಬೇಕಾದ ಹಡಗಿಗೆ ಈ ಎರಡು ಗಾಳಿಗಳೇ ಎರಡು ಕಾಲುಗಳು. ಬೆಳಗಿನ ಜಾವದ ನೆಲಗಾಳಿಯನ್ನು ಹಿಡಿದು ಹೊರಕ್ಕೆ ಸರಿಯುವುದು, ಮಧ್ಯಾಹ್ನದ ಕಡಲ ಗಾಳಿಯಲ್ಲಿ ಓರೆಯಾಗಿ ದಡದತ್ತ ಬರುವುದು, ಗಾಳಿ ಬಿದ್ದಾಗ ಆಳ ಕಡಿಮೆಯಿರುವಲ್ಲಿ ಲಂಗರು ಬಿಡುವುದು. ಹೀಗೆ ಹಾವಿನ ನಡೆಯಲ್ಲಿ ಹಡಗು ಮುಂದುವರಿಯುತ್ತಿತ್ತು.

ಈ ದಿನಚರಿ ಕೆಟ್ಟಿತೆಂದರೆ ಅಪಾಯ ಹತ್ತಿರ ಬಂದಿತೆಂದೇ ಅರ್ಥ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಹುಟ್ಟುವುದು ಮುಖ್ಯವಾಗಿ ಎರಡು ಕಾಲಗಳಲ್ಲಿ: ಮುಂಗಾರಿಗೆ ಮುಂಚೆ ಮೇ ಜೂನ್‌ಗಳಲ್ಲಿ ಮತ್ತು ಮುಂಗಾರು ಹಿಂದಿರುಗಿದ ಮೇಲೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ. ಪಡುವಣದಿಂದ ಬಿರುಗಾಳಿ ಎದ್ದರೆ ಇಡೀ ಕರಾವಳಿಯೇ ಹಾಯಿಹಡಗಿಗೆ ಶತ್ರುವಾಗಿ ಪರಿಣಮಿಸುತ್ತದೆ. ಗಾಳಿ ದೂಡುವುದು ದಡದ ಕಡೆಗೆ. ಗಾಳಿಗೆ ಎದುರಾಗಿ ಹೊರಕ್ಕೆ ಹೋಗುವ ಶಕ್ತಿ ಸರಕು ತುಂಬಿದ ಹಡಗಿಗೆ ಇಲ್ಲ. ಆಳವಾದ ಕಡಲಿಗಿಂತ ಕಣ್ಣಿಗೆ ಕಾಣುವ ನೆಲವೇ ಆಗ ಹೆಚ್ಚು ಭಯಂಕರ.

ಬಾಗಿಲು ಮುಚ್ಚುವ ಅಳಿವೆಗಳು

ಹಾಗಾದರೆ ಗಾಳಿ ಏಳುತ್ತಲೇ ಹತ್ತಿರದ ಬಂದರನ್ನು ಹೊಕ್ಕರಾಯಿತಲ್ಲವೇ ಎಂದು ಯಾರಾದರೂ ಕೇಳಬಹುದು. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಎಂದು ಬಂದರುಗಳ ಸಾಲೇ ಇದೆ. ಆದರೆ ಇವುಗಳಲ್ಲಿ ಹೆಚ್ಚಿನವು ಹೊಳೆಗಳು ಕಡಲು ಸೇರುವ ಅಳಿವೆಯ ಬಂದರುಗಳು. ನೇತ್ರಾವತಿ, ಪಂಚಗಂಗಾವಳಿ, ಶರಾವತಿ, ಅಘನಾಶಿನಿಗಳು ಘಟ್ಟದಿಂದ ಹೊತ್ತು ತರುವ ಮರಳು ಕಡಲ ತೆರೆಗೆ ಎದುರಾಗಿ ಬಾಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಕಡಲು ಶಾಂತವಾಗಿರುವಾಗ ಭರತದ ನೀರಿನಲ್ಲಿ ಆ ದಿಬ್ಬವನ್ನು ದಾಟಿ ಒಳಗೆ ಹೋಗುವುದು ಸುಲಭ. ಕಡಲು ಕೆರಳಿದಾಗ ದೂರದಿಂದ ಬಂದ ಹೆದ್ದೆರೆಗಳು ಆ ತೆಳುನೀರಿನ ಮೇಲೆಯೇ ಮುರಿದು ಬೀಳುತ್ತವೆ. ಒಳಗಿನ ಹೊಳೆ ಕನ್ನಡಿಯಂತೆ ನಿಂತಿರುತ್ತದೆ. ಹೊರಗಿನ ಹಡಗಿಗೆ ಅಲ್ಲಿಗೆ ಹೋಗುವ ಬಾಗಿಲಿಲ್ಲ.

ಈ ಅಳಿವೆಗಳ ಸ್ವಭಾವವೇ ಕರಾವಳಿಯ ನಾವಿಕನಿಗೆ ಮೊದಲ ನಿಯಮವನ್ನು ಕಲಿಸಿತು. ಬಿರುಗಾಳಿ ಬಂದ ಮೇಲೆ ಆಶ್ರಯ ಹುಡುಕುವವನು ತಡಮಾಡಿದವನು. ಆಕಾಶ ಇನ್ನೂ ತಿಳಿಯಾಗಿರುವಾಗಲೇ, ನೋಡುವವರು ನಗುವಂತಿರುವಾಗಲೇ, ಒಳಗೆ ಸೇರಬೇಕು.

ಈ ಸಾಲಿನಲ್ಲಿ ಕಾರವಾರಕ್ಕೆ ಪ್ರತ್ಯೇಕವಾದ ಹೆಸರು ಬಂದುದು ಇದೇ ಕಾರಣದಿಂದ. ಅಲ್ಲಿನ ಕೊಲ್ಲಿಗೆ ಗುಡ್ಡದ ಮೂಗು ಒಂದು ಕಡೆ ಅಡ್ಡವಾಗಿದೆ. ಎದುರಿನ ದ್ವೀಪಗಳು ತೆರೆಯ ಬಲವನ್ನು ಮುರಿಯುತ್ತವೆ. ಬೈತಖೋಲದ ಮರೆಗೆ ಸೇರಲು ಮರಳದಿಬ್ಬದ ಅಪ್ಪಣೆ ಬೇಕಾಗಿಲ್ಲ. ಮಲಬಾರಿನಿಂದ ಬಂದವನಾಗಲಿ ಕಚ್ಛದಿಂದ ಇಳಿದವನಾಗಲಿ, ಕೆಟ್ಟ ಗಾಳಿ ಎದ್ದಾಗ ನೆನೆಯುತ್ತಿದ್ದ ಕೊಲ್ಲಿಗಳಲ್ಲಿ ಅದು ಒಂದು.

ಮುನ್ಸೂಚನೆಗಳು

ಕೆಡುಕನ್ನು ಮೊದಲೇ ಅರಿಯುವುದು ಹೇಗೆ? ಕಡಲೇ ಮೊದಲ ದೂತ. ದೂರದ ಚಂಡಮಾರುತವು ಎಬ್ಬಿಸಿದ ಉದ್ದನೆಯ ತೆರೆಗಳು ಚಂಡಮಾರುತಕ್ಕಿಂತ ವೇಗವಾಗಿ ಓಡುತ್ತವೆ. ಗಾಳಿಯ ಸುಳಿವಿಲ್ಲದ ದಿನ ಕಡಲಿನ ಒಡಲು ನಿಧಾನವಾಗಿ, ಭಾರವಾಗಿ ಏರಿ ಇಳಿಯತೊಡಗಿದರೆ, ಎಲ್ಲಿಯೋ ಏನೋ ನಡೆದಿದೆಯೆಂದು ಹಳೆಯ ಖಲಾಸಿಗಳು ತಿಳಿಯುತ್ತಿದ್ದರು. ಇರುಳಿನ ನೆಲಗಾಳಿ ಬಾರದಿರುವುದು ಇನ್ನೊಂದು ಗುರುತು. ವಾಯುಭಾರಮಾಪಕ ಬಂದ ಮೇಲೆ ಮತ್ತೊಂದು ಗುರುತು ದೊರೆಯಿತು. ಉಷ್ಣವಲಯದಲ್ಲಿ ವಾಯುವಿನ ಒತ್ತಡವು ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಬೆಳಿಗ್ಗೆ ರಾತ್ರಿಗಳ ಹತ್ತು ಗಂಟೆಯ ಸುಮಾರಿಗೆ ಏರು, ನಾಲ್ಕು ಗಂಟೆಗಳ ಸುಮಾರಿಗೆ ಇಳಿತ. ಈ ತಾಳ ತಪ್ಪಿತೆಂದರೆ ಎಚ್ಚರಗೊಳ್ಳಬೇಕು.

ಒಬ್ಬೊಬ್ಬ ನಾವಿಕನ ಅನುಭವಕ್ಕೆ ಸರ್ಕಾರದ ವ್ಯವಸ್ಥೆ ಜೊತೆಗೂಡಿದುದು ಒಂದು ಮಹಾ ದುರಂತದ ನಂತರ. 1864ರ ಅಕ್ಟೋಬರ್ 5ರಂದು ಕಲ್ಕತ್ತೆಯ ಮೇಲೆರಗಿದ ಚಂಡಮಾರುತವು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಬಂದರಿನಲ್ಲಿದ್ದ ಹಡಗುಗಳೂ ಉಳಿಯಲಿಲ್ಲ. ಮರುವರ್ಷವೇ, 1865ರಲ್ಲಿ, ಆ ಬಂದರಿಗೆ ಬಿರುಗಾಳಿಯ ಮುನ್ನೆಚ್ಚರಿಕೆ ನೀಡುವ ಏರ್ಪಾಡು ಮೊದಲಾಯಿತು. ಪಶ್ಚಿಮ ಕರಾವಳಿಗೆ ಅದು 1880ರಲ್ಲಿ ಬಂದಿತು. ಮುಂಬಯಿ, ಕರಾಚಿ, ರತ್ನಾಗಿರಿ, ವೆಂಗುರ್ಲೆಗಳೊಡನೆ ಮೊದಲ ಪಟ್ಟಿಯಲ್ಲಿಯೇ ಕಾರವಾರ ಮತ್ತು ಕುಮಟೆಗಳೂ ಸೇರಿದ್ದವು. ಭಾರತದ ಬಂದರುಗಳಿಗೆಲ್ಲ ಒಂದೇ ಬಗೆಯ ಸಂಕೇತಗಳು ಬಳಕೆಗೆ ಬಂದುದು 1898ರಲ್ಲಿ.

ಬಂದರಿನ ಕಂಬದ ಮೇಲೆ ಹಗಲಿನಲ್ಲಿ ಶಂಕುಗಳನ್ನೂ ಉರುಳೆಗಳನ್ನೂ, ಇರುಳಿನಲ್ಲಿ ಕೆಂಪು ಬಿಳಿ ದೀಪಗಳನ್ನೂ ಏರಿಸುವ ಈ ಪದ್ಧತಿಯಲ್ಲಿ ಹನ್ನೊಂದು ಸಂಕೇತಗಳಿವೆ. ಒಂದು, ಎರಡು ದೂರದ ಕಡಲಿನಲ್ಲಿ ಬಿರುಗಾಳಿಯಿದೆಯೆಂಬ ಸೂಚನೆ. ಮೂರು, ನಾಲ್ಕು ಬಂದರಿಗೇ ತೊಂದರೆ ಬರಬಹುದೆಂಬ ಎಚ್ಚರಿಕೆ. ಐದರಿಂದ ಏಳು ಅಪಾಯ; ಎಂಟರಿಂದ ಹತ್ತು ಮಹಾ ಅಪಾಯ. ಹನ್ನೊಂದನೆಯದು ಎಲ್ಲಕ್ಕಿಂತ ವಿಚಿತ್ರವಾದುದು: ಹವಾಮಾನ ಕಚೇರಿಯೊಡನೆ ಸಂಪರ್ಕವೇ ಕಡಿದುಹೋಗಿದೆ, ಇನ್ನು ನಿಮ್ಮ ಬುದ್ಧಿಯೇ ನಿಮಗೆ ದಾರಿ ಎಂದು ಅದರ ಅರ್ಥ. ಓದುಬರಹ ತಿಳಿಯದ ಖಲಾಸಿಗೂ ಈ ಆಕಾರಗಳ ಭಾಷೆ ತಿಳಿಯುತ್ತಿತ್ತು.

ಕಾಯುವವರ ದಿನಚರಿ

ಒಳಗೆ ಸೇರಿದ ಮಾತ್ರಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. ಎರಡನೆಯ ಲಂಗರನ್ನು ಇಳಿಸಬೇಕು. ಹಾಯಿಯ ಉದ್ದನೆಯ ಅಡ್ಡಮರವನ್ನು ಕೆಳಗಿಳಿಸಿ ಕಟ್ಟಬೇಕು. ಇಲ್ಲವಾದರೆ ಹಾಯಿಯಿಲ್ಲದಿದ್ದರೂ ಗಾಳಿಗೆ ಅದೇ ಹಿಡಿಯಾಗುತ್ತದೆ. ಲಂಗರಿನ ನಾರಿನ ಹಗ್ಗವು ಹಡಗಿನ ಅಂಚಿಗೆ ಉಜ್ಜುವೆಡೆಯಲ್ಲಿ ಹಳೆಯ ಬಟ್ಟೆ ಸುತ್ತಬೇಕು, ಗಳಿಗೆಗೊಮ್ಮೆ ಮುಟ್ಟಿ ನೋಡಬೇಕು. ದಡದ ಮೇಲೆ ಒಂದು ಮರವನ್ನೂ ಅದರ ಹಿಂದೆ ಗುಡ್ಡದ ಒಂದು ತುದಿಯನ್ನೂ ಗುರುತಿಟ್ಟು, ಅವೆರಡೂ ಒಂದೇ ನೇರದಲ್ಲಿವೆಯೇ ಎಂದು ನೋಡುತ್ತಿರಬೇಕು. ನೇರ ತಪ್ಪಿದರೆ ಲಂಗರು ಜಾರುತ್ತಿದೆಯೆಂದರ್ಥ. ಮರದ ಒಡಲಿನೊಳಕ್ಕೆ ಸೋರಿ ಬರುವ ನೀರನ್ನು ಹಗಲೂ ಇರುಳೂ ಎತ್ತಿ ಚೆಲ್ಲಬೇಕು. ಹರಿದ ಹಾಯಿಗೆ ಸೂಜಿ, ಬಿಟ್ಟ ಬೆಸುಗೆಗೆ ನಾರು ಮತ್ತು ಎಣ್ಣೆ.

ಇವೆಲ್ಲ ಕೈಗಳ ಕೆಲಸ. ಮೊದಲ ಎರಡು ದಿನಗಳಲ್ಲಿ ಮುಗಿದುಹೋಗುತ್ತಿದ್ದವು. ಮೂರನೆಯ ದಿನದಿಂದ ಮನಸ್ಸಿನ ಕೆಲಸ. ಅಡುಗೆಯವನು ಅಕ್ಕಿಯನ್ನು ಅಳೆದು ಹಾಕತೊಡಗುವನು. ಹಂಚಿನ ಸರಕಾದರೆ ಚಿಂತೆಯಿಲ್ಲ. ಉಪ್ಪಾದರೆ ಕರಗುವುದು, ಕೊಬ್ಬರಿಯಾದರೆ ಬೂಷ್ಟು ಹಿಡಿಯುವುದು. ಸರಕಿನ ಧಣಿಯಿಂದ ತಂತಿ ಬರುವುದು. ಅನೇಕ ಹಡಗುಗಳಲ್ಲಿ ಖಲಾಸಿಗಳಿಗೆ ಗೊತ್ತಾದ ತಿಂಗಳ ಸಂಬಳವಿರಲಿಲ್ಲ, ಖೇಪಿನ ಬಾಡಿಗೆಯಲ್ಲಿ ಪಾಲು. ಕಾದ ದಿನಕ್ಕೆ ಕೂಲಿಯಿಲ್ಲ. ಮನೆಯಲ್ಲಿ ಕಾದಿರುವವರಿಗೆ ಹಡಗು ಎಲ್ಲಿದೆಯೆಂಬ ಸುದ್ದಿಯೂ ಇಲ್ಲ. ಪಕ್ಕದಲ್ಲಿ ನಿಂತ ಇನ್ನೊಂದು ಹಡಗು ಲಂಗರು ಎತ್ತಿತೆಂದರೆ ಸಾಕು, ಎಲ್ಲರ ಕಣ್ಣುಗಳೂ ತಂಡೇಲನ ಕಡೆಗೆ ತಿರುಗುವುವು.

ಆ ಗಳಿಗೆಯಲ್ಲಿ ಅವನು ನೆನಪಿಡಬೇಕಾದ ಮಾತೊಂದಿದ್ದಿತು. ಗಾಳಿ ಇಳಿದ ಮಾತ್ರಕ್ಕೆ ಕಡಲು ಇಳಿಯುವುದಿಲ್ಲ. ಮೋಡ ಹರಿದು ಬಿಸಿಲು ಬಿದ್ದ ಮೇಲೂ ಅಳಿವೆಯ ದಿಬ್ಬದ ಮೇಲೆ ತೆರೆ ಮುರಿಯುತ್ತಲೇ ಇರುತ್ತದೆ. ಬಿರುಗಾಳಿಯ ಎರಡು ಹೊಡೆತಗಳ ನಡುವಿನ ನಿಶ್ಶಬ್ದವೂ ಶಾಂತಿಯಂತೆಯೇ ಕಾಣುತ್ತದೆ. ಹಾಗೆಂದು ಅತಿಯಾಗಿ ಅಂಜಿದರೂ ನಡೆಯದು. ಒಳ್ಳೆಯ ಗಾಳಿಯೂ ಕಾಯುವುದಿಲ್ಲ. ಆತುರಕ್ಕೂ ಅಂಜಿಕೆಗೂ ನಡುವೆ ಇರುವ ಆ ಕಿರಿದಾದ ದಾರಿಯನ್ನು ಕಾಣಬಲ್ಲವನೇ ತಂಡೇಲ.

ಕಾದವನೊಬ್ಬ, ಕಾಯದವನೊಬ್ಬ

ಕಾಯುವುದಕ್ಕೂ ಕಾಯದಿರುವುದಕ್ಕೂ ತೆರಬೇಕಾದ ಬೆಲೆಯನ್ನು ಇದೇ ಅರಬ್ಬೀ ಸಮುದ್ರದ ಚರಿತ್ರೆಯಲ್ಲಿ ಇಬ್ಬರು ಪ್ರಸಿದ್ಧ ಪ್ರಯಾಣಿಕರು ತೋರಿಸಿಕೊಟ್ಟಿದ್ದಾರೆ. ವಿಜಯನಗರದ ವೈಭವವನ್ನು ವರ್ಣಿಸಿದ ಅಬ್ದುರ್ ರಜಾಕನ ಹೆಸರು ಕನ್ನಡಿಗರಿಗೆ ಹೊಸದಲ್ಲ. ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ 1442ರಲ್ಲಿ ಹೊರಟ ಅವನನ್ನು ಹೊರ್ಮುಜಿನಲ್ಲಿ ತಡೆದು ನಿಲ್ಲಿಸಿದುದರಿಂದ ಪ್ರಯಾಣದ ಕಾಲ ಮೀರಿಹೋಯಿತು. ಹಡಗು ಮಸ್ಕತ್ತನ್ನು ಸೇರುವಷ್ಟರಲ್ಲಿ, ಇನ್ನು ಮುಂದೆ ಹೋಗುವುದು ಸಾಧ್ಯವಿಲ್ಲವೆಂದು ಜೊತೆಯ ವರ್ತಕರು ಹೇಳಿದರು. ಓಮಾನಿನ ಕರಾವಳಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕಾಯಿತು. ಆ ಬೇಗೆಯಲ್ಲಿ ಅವನು ಕಾಯಿಲೆಬಿದ್ದನು. ಜೊತೆಯಲ್ಲಿದ್ದ ಅಣ್ಣನು ಅಲ್ಲಿಯೇ ತೀರಿಕೊಂಡನು. ಕಾಯುವುದು ಕೂಡ ಬಲಿ ಬೇಡುತ್ತದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೆ ಗಾಳಿ ತಿರುಗಿದ ಮೇಲೆ ಹೊರಟ ಹಡಗು 18 ದಿನಗಳಲ್ಲಿ ಅವನನ್ನು ಕಲ್ಲಿಕೋಟೆಗೆ ತಂದು ಮುಟ್ಟಿಸಿತು. ಅಲ್ಲಿಂದ ಅವನು ಕಡಲ ದಾರಿಯಲ್ಲಿಯೇ ಮಂಗಳೂರಿಗೆ ಬಂದು, ಘಟ್ಟ ಹತ್ತಿ, 1443ರಲ್ಲಿ ವಿಜಯನಗರವನ್ನು ಕಂಡನು.

ಇನ್ನೊಬ್ಬನು ವಾಸ್ಕೋ ಡ ಗಾಮ. 1498ರ ಏಪ್ರಿಲ್ 24ರಂದು ಆಫ್ರಿಕದ ಮಾಲಿಂದಿಯಿಂದ, ಈ ಕಡಲನ್ನು ಬಲ್ಲ ಮಾರ್ಗದರ್ಶಿಯೊಬ್ಬನ ನೆರವಿನಿಂದ ಹೊರಟ ಅವನಿಗೆ 23 ದಿನಗಳಲ್ಲಿ ಭಾರತದ ನೆಲ ಕಾಣಿಸಿತು. ಹಿಂದಿರುಗುವಾಗ ಅವನು ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ ಹಡಗುಗಳನ್ನು ಸರಿಪಡಿಸಿಕೊಂಡು ಅಕ್ಟೋಬರ್ 5ರಂದು ಹೊರಟುಬಿಟ್ಟನು. ಅವನಿಗೆ ಕಾರಣಗಳಿದ್ದವು, ಸುತ್ತಲಿನವರು ಮೇಲೆ ಬೀಳಬಹುದೆಂಬ ಭಯವಿದ್ದಿತು. ಗಾಳಿ ಅವನ ಕಾರಣಗಳನ್ನು ಕೇಳಲಿಲ್ಲ. ನೈರುತ್ಯ ಮಾರುತ ಸತ್ತು ಈಶಾನ್ಯ ಮಾರುತ ಇನ್ನೂ ನೆಲೆಗೊಳ್ಳದ ಕಾಲ ಅದು. ಕೆಲವು ವಾರ ಕಾದಿದ್ದರೆ ಪಡುವಣಕ್ಕೆ ಒಯ್ಯುವ ಗಾಳಿ ತಾನಾಗಿಯೇ ಬರುತ್ತಿತ್ತು. 23 ದಿನಗಳಲ್ಲಿ ದಾಟಿದ ಕಡಲನ್ನು ಮರಳಿ ದಾಟಲು ಸುಮಾರು ಮೂರು ತಿಂಗಳು ಹಿಡಿಯಿತು. ಒಸಡು ಬಾತು ರಕ್ತ ಸೋರುವ ಸ್ಕರ್ವಿ ರೋಗದಿಂದ 30 ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನ ಮಾತ್ರ ಉಳಿದರು. 1499ರ ಜನವರಿ 2ರಂದು ಆಫ್ರಿಕದ ತೀರ ಕಂಡಿತು. ನಡೆಸಲು ಜನ ಸಾಲದೆ ಮುಂದೆ ಒಂದು ಹಡಗನ್ನು ಸುಟ್ಟುಹಾಕಬೇಕಾಯಿತು. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆಗೆ ಕಡಲು ಬರೆದ ವ್ಯಾಖ್ಯಾನವಿದು.

ಯಂತ್ರ ಬಂದ ಮೇಲೆ ಈ ಲೆಕ್ಕ ಮುಗಿಯಿತೆಂದು ಜನ ತಿಳಿದರು. ಹಾಗೆ ತಿಳಿದ ಕಾಲದಲ್ಲಿಯೇ ಗುಜರಾತಿನ ಕರಾವಳಿಯಲ್ಲಿ ‘ವೈತರಣಾ’ ಎಂಬ ಉಗಿಹಡಗು ಇದ್ದಿತು. ವಿದ್ಯುದ್ದೀಪಗಳಿದ್ದುದರಿಂದ ಜನ ಅದನ್ನು ಮಿಂಚಿನ ಹೆಸರಿನಿಂದ ‘ವೀಜಳಿ’ ಎನ್ನುತ್ತಿದ್ದರು. 1888ರ ನವೆಂಬರ್ 8ರಂದು ಅದು ಕಚ್ಛದ ಮಾಂಡವಿಯಿಂದ ಮುಂಬಯಿಗೆ ಹೊರಟಿತು. ಮದುವೆಯ ದಿಬ್ಬಣದವರೂ, ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳೂ ಅದರಲ್ಲಿದ್ದರು. ಪೋರಬಂದರದ ಬಳಿ ಕಡಲು ಕೆರಳಿದ್ದುದರಿಂದ ಅಲ್ಲಿ ನಿಲ್ಲದೆ ಮುಂದೆ ಸಾಗಿತು. ಆಮೇಲೆ ಅದು ಯಾವ ಬಂದರಿಗೂ ಬರಲಿಲ್ಲ. ಏಳುನೂರಕ್ಕೂ ಹೆಚ್ಚು ಜನರೊಡನೆ ಚಂಡಮಾರುತದಲ್ಲಿ ಮುಳುಗಿಹೋಯಿತು.

ಇಂದಿಗೂ ಉಳಿದ ಕಾಯುವಿಕೆ

ಇಂದು ಹಾಯಿಯೊಂದನ್ನೇ ನಂಬಿ ಸರಕು ಸಾಗಿಸುವ ಪತ್ತೇಮಾರಿಗಳು ಈ ಕರಾವಳಿಯಲ್ಲಿ ಕಾಣುವುದಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಅವುಗಳ ಒಡಲಿಗೆ ಎಂಜಿನ್ ಸೇರಿತು, ಆಮೇಲೆ ಸರಕೇ ರಸ್ತೆಗೆ ಹೋಯಿತು. 1974ರಿಂದ ಪಣಂಬೂರಿನಲ್ಲಿ ನವಮಂಗಳೂರು ಬಂದರು ಮಳೆಗಾಲದಲ್ಲಿಯೂ ಹಡಗುಗಳನ್ನು ಬರಮಾಡಿಕೊಳ್ಳುತ್ತಿದೆ. ಗಾಮನು ಹೊರಟ ಅಂಜದೀವ್ ದ್ವೀಪವು ಕಾರವಾರದ ನೌಕಾನೆಲೆಯ ಭಾಗವಾಗಿದೆ. ಆದರೂ ಕಾಯುವ ವಿದ್ಯೆಗೆ ಕೆಲಸ ತಪ್ಪಿಲ್ಲ. ಯಂತ್ರದ ಮೀನುಗಾರಿಕಾ ದೋಣಿಗಳು ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿರಬೇಕೆಂಬ ನಿಯಮವಿದೆ. ಆ ಅವಧಿ ಮುಗಿದ ಮೇಲೆ ಕಡಲು ಕೆಟ್ಟಿತೆಂಬ ಸುದ್ದಿ ಬಂದ ದಿನಗಳಲ್ಲಿ, ನಾನಾ ರಾಜ್ಯಗಳ ದೋಣಿಗಳು ಕಾರವಾರದ ಕೊಲ್ಲಿಯಲ್ಲಿ ಬಂದು ಒತ್ತೊತ್ತಾಗಿ ನಿಲ್ಲುತ್ತವೆ.

2017ರ ನವೆಂಬರ್ ಕೊನೆಯಲ್ಲಿ ‘ಓಖಿ’ ಚಂಡಮಾರುತ ಕನ್ಯಾಕುಮಾರಿಯ ಕಡಲಿನಲ್ಲಿ ಬಹಳ ಬೇಗ ಬೆಳೆಯಿತು. ಎಚ್ಚರಿಕೆ ಹೊರಡುವ ಹೊತ್ತಿಗೆ ನೂರಾರು ದೋಣಿಗಳು ಕಡಲ ನಡುವೆ ಇದ್ದವು; ಎಷ್ಟೋ ಮನೆಗಳಿಗೆ ದುಡಿಯುವವನು ಮರಳಿ ಬರಲಿಲ್ಲ. ಆ ದಿನಗಳಲ್ಲಿಯೇ ಕೇರಳ ತಮಿಳುನಾಡುಗಳ 68 ದೋಣಿಗಳು 952 ಮಂದಿಯೊಡನೆ ಬಡಗಣಕ್ಕೆ ಸಾಗಿ ಮಹಾರಾಷ್ಟ್ರದ ದೇವಗಡ ಬಂದರನ್ನು ಸೇರಿ ಬದುಕಿಕೊಂಡವು. ತಮ್ಮೂರಿನಿಂದ ಎಷ್ಟೋ ದೂರದಲ್ಲಿ, ಭಾಷೆ ತಿಳಿಯದ ಊರಿನಲ್ಲಿ, ಗಾಳಿ ಇಳಿಯುವ ತನಕ ಅವರು ಕಾದರು. ಹಿಂದಿನ ಪತ್ತೇಮಾರಿಯವರು ಮಾಡಿದುದೂ ಇದನ್ನೇ. ಬೇರೆಯಾದುದು ಒಂದೇ: ತಾವು ಬದುಕಿರುವೆವೆಂದು ಮನೆಗೆ ಹೇಳಲು ಇವರ ಕೈಗೆ ಫೋನು ಸಿಕ್ಕಿತು.

ಶ್ರಾವಣದ ನೂಲಹುಣ್ಣಿಮೆಯ ಸುಮಾರಿಗೆ ಕರಾವಳಿಯ ಜನ ಕಡಲಿಗೆ ಹಾಲೆರೆದು ತೆಂಗಿನಕಾಯಿ ಅರ್ಪಿಸುತ್ತಾರೆ. ಮಳೆಗಾಲದ ದೀರ್ಘವಾದ ಕಾಯುವಿಕೆ ಮುಗಿದು ಹೊಸ ವರ್ಷದ ದುಡಿಮೆಗೆ ಕಡಲ ಅನುಮತಿ ಬೇಡುವ ಹಬ್ಬವದು. ಬೇಡಿದ ಮಾತ್ರಕ್ಕೆ ಅನುಮತಿ ವರ್ಷವೆಲ್ಲ ದೊರೆತಂತಾಗುವುದಿಲ್ಲವೆಂದು ಅವರು ಬಲ್ಲರು. ಮತ್ತೆ ಮತ್ತೆ, ಸರಕಿನ ಧಣಿ ಅವಸರಪಡಿಸುವಾಗಲೂ, ಅಕ್ಕಿಯ ಡಬ್ಬಿ ಬರಿದಾಗುವಾಗಲೂ, ಪಕ್ಕದವನು ಹೊರಟು ನಿಂತಾಗಲೂ ಬಂದರಿನಲ್ಲಿ ಉಳಿಯಬೇಕಾದ ದಿನಗಳು ಬಂದೇ ಬರುತ್ತವೆ. ತಾಳಿದವನು ಬಾಳಿಯಾನೆಂಬ ಮಾತು ಮನೆಯೊಳಗೆ ಕುಳಿತವರಿಗೆ ನೀತಿ. ಕಡಲಿಗೆ ಹೋಗುವವರಿಗೆ ಅದು ಉಸಿರು.